ಗೆರೆಯ ಶಾಯಿ, ಕುಂಚದ ಶಾಯಿ

“ಕುಂಚಕ್ಕೆ ಯಾವುದು ಒಳ್ಳೇದು?” ಎಂದು ಅತ್ತಿಗೆ ಅಂಗಡಿಯವನನ್ನು ಕೇಳಿದ್ದೇ ತಡ, ಪುಟ್ಟಿ ಕೈಯಲ್ಲಿದ್ದ ಶಾಯಿ ಬಾಟಲಿ ಕೆಳಗಿಟ್ಟು ತಿರುಗಿ ನೋಡಿದಳು. ಕುಂಚದ ಉಸಾಬರಿ ಅತ್ತಿಗೆಗೆ ಯಾಕೆ? ಇಷ್ಟು ವರ್ಷ ಗೆರೆ ಅತ್ತಿಗೆಯದು, ಬಣ್ಣ ಪುಟ್ಟಿಯದು. ಮಕ್ಕಳ ಆಸ್ಪತ್ರೆಗಳಿಗೆ, ಶಾಲೆಗಳಿಗೆ ಇಬ್ಬರೂ ಸೇರಿ ಗೋಡೆಗೆ ತೂಗುಹಾಕುವ ಚಿತ್ರಗಳನ್ನು ಮಾಡಿಕೊಡುತ್ತಿದ್ದರು. ಆನೆಯ ಸೊಂಡಿಲನ್ನು ಅತ್ತಿಗೆ ಒಂದೇ ಉಸಿರಿಗೆ ಎಳೆದುಬಿಟ್ಟರೆ ಅದಕ್ಕೆ ಬೂದುಬಣ್ಣ ತುಂಬುವವಳು ಪುಟ್ಟಿ. ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಮೂಗು ತೂರಿಸಿದವರೇ ಅಲ್ಲ.

ಹೋದ ತಿಂಗಳು ಅತ್ತಿಗೆ ಪುಟ್ಟಿಯ ಅಣ್ಣನನ್ನು ಬಿಟ್ಟು ಬೇರೆ ರೂಮು ಹಿಡಿದಿದ್ದಳು. ಆಮೇಲೆ ಇಬ್ಬರೂ ಭೇಟಿಯಾಗಿದ್ದು ಇವತ್ತೇ, ಅದೂ ಶಾಯಿ ಮುಗಿದಿದೆ ಎಂದು ಅತ್ತಿಗೆ ಒಂದು ಸಾಲಿನ ಮೆಸೇಜು ಕಳಿಸಿದ ನೆಪದಲ್ಲಿ. ಪುಟ್ಟಿ ಅಣ್ಣನ ಪರ ವಹಿಸಲೂ ಇಲ್ಲ, ಅವನ ಮೇಲೆ ಮುನಿಸಿಕೊಳ್ಳಲೂ ಇಲ್ಲ. ಗಂಡನನ್ನು ಬಿಟ್ಟವಳು ನಾದಿನಿಯನ್ನೂ ಬಿಟ್ಟುಬಿಡುತ್ತಾಳಾ ಅನ್ನುವುದೊಂದೇ ಅವಳ ದಿಗಿಲು. ನೇರವಾಗಿ ಕೇಳಲು ಧೈರ್ಯ ಸಾಲದೆ ಬಾಟಲಿಗಳ ಸಾಲಿನ ಮುಂದೆ ಕಾಲು ಸುಟ್ಟ ಬೆಕ್ಕಿನಂತೆ ಓಡಾಡುತ್ತಿದ್ದಳು.

ಅಂಗಡಿಯವನಿಗೆ ಕೇಳುವವರು ಸಿಕ್ಕರೆ ಸಾಕು. ಅಕ್ರಿಲಿಕ್ ಶಾಯಿಗಳೆಲ್ಲ ನೋಡುವುದಕ್ಕೆ ಒಂದೇ, ಸ್ವಭಾವ ಮಾತ್ರ ಬೇರೆ ಬೇರೆ ಎಂದು ಶುರುಮಾಡಿದ. ಅದ್ದಿ ಬರೆಯುವ ನಿಬ್ಬಿಗೆ ತೆಳುವಾಗಿ ಹರಿಯುವಂಥದ್ದು ಬೇಕು, ಕುಂಚಕ್ಕೆ ಕೊಂಚ ಮಂದ ಇರಬೇಕು, ಮಾರ್ಕರಿಗೆ ತುಂಬುವ ಮೊದಲು ಚೆನ್ನಾಗಿ ಕುಲುಕಬೇಕು. ಮಂದದ್ದನ್ನು ಸೂಜಿಮೊನೆಯ ಪೆನ್ನಿಗೆ ಹಾಕಿದರೆ ಪೆನ್ನಿನ ಕಥೆ ಮುಗಿಯಿತೆಂದೇ ಲೆಕ್ಕ. ಅದನ್ನು ಕೇಳಿದ ಪುಟ್ಟಿ ತನ್ನ ಕೈಚೀಲವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

ಅತ್ತಿಗೆ ಹೊಸದಾಗಿ ಸೇರಿದ ವಿದ್ಯಾರ್ಥಿಯ ಹಾಗೆ ತಲೆಯಾಡಿಸುತ್ತ, ಶಾಯಿ ಹಚ್ಚಿ ನೋಡಲೆಂದು ಇಟ್ಟಿದ್ದ ಹಾಳೆಯ ಮೇಲೆ ಅಗಲ ಕುಂಚ ಆಡಿಸಿದಳು. ಬಣ್ಣ ಎಲ್ಲೆಲ್ಲೋ ಹರಡಿತು. ಆದರೂ ಎರಡು ಕುಂಚ, ಬೂದು ಮತ್ತು ಹಸಿರು ಶಾಯಿ ಅವಳ ಬುಟ್ಟಿ ಸೇರಿದವು. ಪುಟ್ಟಿಗೆ ತಡೆಯಲಾಗಲಿಲ್ಲ.

“ಅಂದ್ರೆ ಇನ್ಮೇಲೆ ಬಣ್ಣಾನೂ ನೀವೇ ತುಂಬ್ಕೋತೀರಾ?”

ಅತ್ತಿಗೆ ತಿರುಗಲಿಲ್ಲ. “ನೀನು ನನ್ನ ಹತ್ರ ಬರದೇ ಹೋದ್ರೆ ಇನ್ನೇನು ಮಾಡ್ಲಿ? ಎಷ್ಟಾದ್ರೂ ಅವನು ನಿನ್ನ ಅಣ್ಣ.”

ಬರಲ್ಲ ಅಂತ ನಾನು ಯಾವಾಗ ಹೇಳಿದೆ, ಒಂದು ಫೋನಾದರೂ ಮಾಡಿದಿರಾ ಎಂದು ಪುಟ್ಟಿ ಹರಿಹಾಯ್ದಳು. ನಿನಗೇನು ಬೆರಳು ಸವೆದಿತ್ತಾ ಎಂದಳು ಅತ್ತಿಗೆ. ಮಾತಿಗೆ ಮಾತು ಬೆಳೆಯುವುದನ್ನು ಕಂಡು ಅಂಗಡಿಯವನಿಗೆ ಮೇಲಿನ ಗೂಡಿನ ಧೂಳು ನೆನಪಾಗಿ ಅವನು ಏಣಿ ಹತ್ತಿದ. ಅಳು ಬಂದುಬಿಟ್ಟೀತೆಂದು ಪುಟ್ಟಿ ಕೈಚೀಲದಿಂದ ಕರವಸ್ತ್ರ ಎಳೆದಳು. ಅದರ ಜೊತೆಗೆ ಪೆನ್ನೊಂದು ಹೊರಬಿದ್ದು ಗಾಜಿನ ಮೇಜಿನ ಮೇಲೆ ಉರುಳಿತು.

ಅತ್ತಿಗೆ ಮನೆಯಲ್ಲೇ ಬಿಟ್ಟುಹೋಗಿದ್ದ ಸೂಜಿಮೊನೆಯ ಪೆನ್ನು. ಅತ್ತಿಗೆ ಎತ್ತಿಕೊಂಡು ಅದರ ಮುಚ್ಚಳ ತೆಗೆದಳು. ತುದಿಯಲ್ಲಿ ಬೂದುಬಣ್ಣ ಅಂಟಿನ ಹಾಗೆ ಗಟ್ಟಿಯಾಗಿತ್ತು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಶಾಯಿ ಕಟ್ಟದಂತೆ ಒಳಗೆ ಆಡಬೇಕಾದ ತಂತಿ ಸದ್ದು ಮಾಡಲಿಲ್ಲ.

“ಇದಕ್ಕೆ ಕುಂಚದ ಶಾಯಿ ತುಂಬಿದ್ಯಾ?”

ಪುಟ್ಟಿ ತಲೆ ತಗ್ಗಿಸಿದಳು. ಗೆರೆಯನ್ನೂ ತಾನೇ ಕಲಿಯಬೇಕೆಂದು ಕೂತು ಕೂತು ಆನೆ ಬರೆದಿದ್ದಳು, ಸೊಂಡಿಲು ಗಿಡಕ್ಕೆ ನೀರು ಬಿಡುವ ಪೈಪಿನಂತಾಗಿತ್ತು. “ನೀವಿನ್ನು ಬರಲ್ಲ ಅಂದ್ಕೊಂಡೆ,” ಎಂದಳು.

ಪೆನ್ನು ಮುಟ್ಟಿದವರನ್ನು ಅತ್ತಿಗೆ ಇದುವರೆಗೆ ಸುಮ್ಮನೆ ಬಿಟ್ಟವಳಲ್ಲ. ಬೈಯಲು ಬಾಯಿ ತೆರೆದವಳಿಗೆ ತನ್ನದೇ ಬುಟ್ಟಿಯಲ್ಲಿದ್ದ ಕುಂಚಗಳು ಕಂಡವು. ಮನಸ್ಸಿಗೆ ನಾಚಿಕೆಯೂ ಆಯಿತು, ಒಂದು ಥರದ ಸಮಾಧಾನವೂ ಆಯಿತು. ಏಣಿಯ ಮೇಲಿದ್ದವನನ್ನು ಕರೆದು ಪೆನ್ನು ತೊಳೆಯುವ ದ್ರಾವಣ ಕೇಳಿದಳು.

“ನೆನೆಹಾಕಿ ನೋಡ್ತೀನಿ,” ಎಂದಳು, ಪೆನ್ನನ್ನು ತನ್ನ ಚೀಲಕ್ಕೆ ಹಾಕಿಕೊಳ್ಳುತ್ತ. “ಭಾನುವಾರ ಬಂದು ತಗೊಂಡು ಹೋಗು.”

“ಎಲ್ಲಿಗೆ ಬರ್ಲಿ?”

ರೂಮು ಎಲ್ಲಿದೆ ಎಂದು ಪುಟ್ಟಿ ಈವರೆಗೆ ಕೇಳಿರಲಿಲ್ಲ. ಅತ್ತಿಗೆ ಮೇಜಿನ ಮೇಲಿದ್ದ ನಿಬ್ಬನ್ನು ಕಪ್ಪು ಶಾಯಿಗೆ ಅದ್ದಿ, ಹಾಳೆಯ ಖಾಲಿ ಮೂಲೆಯಲ್ಲಿ ಒಂದು ಬೀದಿ ಎಳೆದಳು, ಅದರ ತಿರುವಿನಲ್ಲಿ ದರ್ಜಿಯ ಅಂಗಡಿ, ಪಕ್ಕದಲ್ಲಿ ಮೆಟ್ಟಿಲು, ಮೇಲೆ ಒಂದು ಕಿಟಕಿ. ಆ ಮೂಲೆಯನ್ನು ಹರಿದು ಕೊಟ್ಟು ಹಣ ಕೊಡಲು ಹೋದಳು.

ಪುಟ್ಟಿ ಚೀಟಿಯನ್ನು ಅಂಗೈಯಲ್ಲಿ ಇಟ್ಟುಕೊಂಡು ಮೆಲ್ಲಗೆ ಊದತೊಡಗಿದಳು. ಅತ್ತಿಗೆ ಬಾಗಿಲಲ್ಲಿ ನಿಂತು ಕಾಯುತ್ತಿದ್ದಳು. ಶಾಯಿ ಆಗಲೇ ಒಣಗಿತ್ತು. ಪುಟ್ಟಿ ಇನ್ನೂ ಊದುತ್ತಲೇ ಇದ್ದಳು.