ಸುಗ್ಗಿ ಹಬ್ಬದ ಸೌತೆಕಾಯಿ

ದೇವಪ್ರಿಯ ಜತ್ತನ್ನನಿಗೆ ಬೇಡುವವರ ಮೇಲೆ ಸಿಟ್ಟಿರಲಿಲ್ಲ. ಬೇಡುತ್ತಿಲ್ಲ ಎಂದು ನಟಿಸುತ್ತ ಬೇಡುವವರನ್ನು ಕಂಡರೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ಮೂಡಬಿದ್ರೆಯಿಂದ ಬೆಳ್ತಂಗಡಿಗೂ ಬಂಟ್ವಾಳಕ್ಕೂ ಓಡುವ ಖಾಸಗಿ ಬಸ್ಸುಗಳಲ್ಲಿ ಮೂವತ್ತೊಂದು ವರ್ಷ ಕಂಡಕ್ಟರಾಗಿದ್ದವನು ಅವನು. ಟಿಕೆಟಿಗೆ ದುಡ್ಡಿಲ್ಲದವರಲ್ಲಿ ಎರಡು ಜಾತಿ ಎಂದು ಆಗಲೇ ಕಂಡುಕೊಂಡಿದ್ದ. ಒಬ್ಬ ಮುಖ ನೋಡಿಯೇ, ದುಡ್ಡಿಲ್ಲ, ವೇಣೂರಿನವರೆಗೆ ಬಿಡು ಮಾರಾಯ ಎನ್ನುತ್ತಾನೆ. ಅವನನ್ನು ಬಿಡಬಹುದು. ಇನ್ನೊಬ್ಬ ನಿದ್ದೆ ಬಂದವನ ಹಾಗೆ ಕಿಟಕಿಗೆ ತಲೆಯಾನಿಸಿ ಕೂರುತ್ತಾನೆ. ಅವನನ್ನು ಇಳಿಸಲೇಬೇಕು.

ನಿವೃತ್ತನಾಗಿ ನಾಲ್ಕು ವರ್ಷಕ್ಕೆ ಅಂಥ ಎರಡನೇ ಜಾತಿಯವರ ಒಂದು ತಂಡವೇ ಅವನ ಚರ್ಚಿನ ಸಭೆಯಲ್ಲಿ ಹುಟ್ಟಿಕೊಂಡಿತು. ಅದರ ಮುಖಂಡ ಜಿತೇಶ್ ಎಂಬ ಇಪ್ಪತ್ತೆಂಟರ ಹುಡುಗ, ಎರಡು ವರ್ಷ ಬೈಬಲ್ ತರಬೇತಿ ಮುಗಿಸಿ ಊರಿಗೆ ಬಂದವನು. ಬರುವಾಗ ಒಂದು ಗಿಟಾರನ್ನೂ, ಪ್ರತಿ ವಾಕ್ಯದ ಕೊನೆಗೆ ಕಣ್ಣು ಮುಚ್ಚುವ ಅಭ್ಯಾಸವನ್ನೂ ತಂದಿದ್ದ. ಅವನ ಹಿಂದೆ ಆರು ಮಂದಿ ಒಡಿಶಾದ ಗುಡ್ಡಗಾಡಿನ ಒಂದು ಮಿಷನ್ ಆಸ್ಪತ್ರೆಗೆ ಹನ್ನೆರಡು ದಿನದ ಸೇವೆಗೆ ಹೋಗುವುದೆಂದು ತೀರ್ಮಾನವಾಯಿತು. ತಲೆಗೆ ನಲವತ್ತು ಸಾವಿರ ಖರ್ಚು. ಅದನ್ನು ಯಾವ ಮನುಷ್ಯರ ಹತ್ತಿರವೂ ಕೇಳಬಾರದು, ದೇವರ ಹತ್ತಿರ ಮಾತ್ರ ಕೇಳಬೇಕು. ಸ್ವಂತ ಕೈಯಿಂದಲೂ ಹಾಕಬಾರದು, ಹಾಕಿದರೆ ವಿಶ್ವಾಸಕ್ಕೆ ಜಾಗ ಎಲ್ಲಿ ಉಳಿಯಿತು ಎಂದು ಜಿತೇಶ್ ಕೇಳಿದ್ದ.

"ಹಾಗಾದರೆ ನಮ್ಮ ಕೈಯಲ್ಲಿ ಇರುವುದನ್ನು ಸೈತಾನ ಕೊಟ್ಟದ್ದಾ?" ಎಂದು ದೇವಪ್ರಿಯ ಹಿಂದಿನ ಬೆಂಚಿನಿಂದ ಕೇಳಿದ. ಜಿತೇಶ್ ಕಣ್ಣು ಮುಚ್ಚಿದ.

ಆಮೇಲೆ ಶುರುವಾಯಿತು ಕೇಳದೆ ಕೇಳುವ ಮಹೋತ್ಸವ. ತಂಡದವನೇ ಆದ ಭವಿತ್, ಎಂದೂ ಯಾರ ಮನೆಗೂ ಪ್ರಾರ್ಥನೆಗೆ ಹೋಗದಿದ್ದವನು, ಕೊಲ್ಲಿ ದೇಶಗಳಲ್ಲಿ ಮಕ್ಕಳು ದುಡಿಯುವ ಮನೆಗಳನ್ನೇ ಹುಡುಕಿಕೊಂಡು ಪ್ರಾರ್ಥನೆಗೆ ಹೋಗತೊಡಗಿದ. ಸೋಫಾದ ಮುಂದೆ ಮೊಣಕಾಲೂರಿ, ಮನೆಯವರ ಆರೋಗ್ಯವನ್ನು ಎರಡು ಮಾತಿನಲ್ಲಿ ಮುಗಿಸಿ, ಕರ್ತನೇ, ಈ ನಿನ್ನ ದಾಸನಿಗೆ ಇನ್ನೂ ಹದಿನೆಂಟು ಸಾವಿರ ಕೊರತೆ ಉಂಟು ಎಂಬುದನ್ನು ನೀನು ಬಲ್ಲೆ ಎಂದು ಅಡುಗೆಮನೆಗೂ ಕೇಳುವಂತೆ ಕೂಗುತ್ತಿದ್ದ. ದೇವರಿಗೆ ಗೊತ್ತಿರುವುದನ್ನು ಅಷ್ಟು ಗಟ್ಟಿಯಾಗಿ ಹೇಳುವುದು ಯಾಕೆ ಎಂದು ಯಾರೂ ಕೇಳಲಿಲ್ಲ. ಕೊನೆಗೆ ಬ್ಯಾಂಕಿನ ಖಾತೆ ಸಂಖ್ಯೆಯೊಂದನ್ನು ಆಮೆನ್‌ಗೆ ಮೊದಲು ಸೇರಿಸಲಿಲ್ಲ, ಅಷ್ಟೇ. ಇನ್ನೊಬ್ಬಳು ದಿನವೂ ವಾಟ್ಸಾಪಿನಲ್ಲಿ ಸೂರ್ಯೋದಯದ ಚಿತ್ರ ಹಾಕಿ, ನನಗಾಗಿ ಪ್ರಾರ್ಥಿಸಿರಿ ಎಂದು ಬರೆದು, ಕೆಳಗೆ ದುಡ್ಡು ಕಳುಹಿಸುವ ಕ್ಯೂಆರ್ ಚೌಕ ಅಂಟಿಸುತ್ತಿದ್ದಳು. ಹಣ ಬಂತು, ಬಾರದೆ ಏನು. ಬಂದದ್ದನ್ನೆಲ್ಲ ಅವರು ಭಾನುವಾರ ಚರ್ಚಿನಲ್ಲಿ ಎದ್ದು ನಿಂತು ಸಾಕ್ಷಿ ಹೇಳುವಾಗ ಅದ್ಭುತ ಎಂದು ಕರೆದರು.

ಇದೆಲ್ಲ ದೇವಪ್ರಿಯನಿಗೆ ಒಳ್ಳೆಯ ತಮಾಷೆಯೇ ಆಗುತ್ತಿತ್ತು, ಆರನೆಯವಳು ಅವನ ಹೆಂಡತಿ ಚಿತ್ರಾ ಆಗಿರದಿದ್ದರೆ.

ಚಿತ್ರಾ ವೇಣೂರಿನ ಸರಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು ಕಳೆದ ವರ್ಷ ನಿವೃತ್ತಳಾದವಳು. ಆ ತಂಡದಲ್ಲಿ ರೋಗಿಯ ಕೈ ಹಿಡಿದು ಗೊತ್ತಿದ್ದವಳು ಅವಳೊಬ್ಬಳೇ. ಉಳಿದವರು ಹಾಡಲಿಕ್ಕೆ ಹೊರಟವರು. ಅವಳ ಪೆನ್ಶನ್ನಿನಲ್ಲಿ ನಲವತ್ತು ಸಾವಿರ ದೊಡ್ಡದಲ್ಲ. ಆದರೆ ಜಿತೇಶನ ನಿಯಮವನ್ನು ಇಡೀ ತಂಡದಲ್ಲಿ ನಿಜವಾಗಿ ಪಾಲಿಸಿದವಳೂ ಅವಳೊಬ್ಬಳೇ. ಬೆಳಿಗ್ಗೆ ಮಂಚದ ಪಕ್ಕ ಮೊಣಕಾಲೂರುವಳು, ತುಟಿ ಕೂಡ ಅಲ್ಲಾಡಿಸದೆ ಏನೋ ಹೇಳಿಕೊಳ್ಳುವಳು, ಎದ್ದು ದೋಸೆ ಹೊಯ್ಯುವಳು. ನೆರೆಯ ಖದೀಜ ಎಂತ ಸಮಾಚಾರ ಎಂದರೂ ಹೇಳಲಿಲ್ಲ. ಕಾರ್ಕಳದಲ್ಲಿರುವ ಮಗಳು ವಿಜೇತಾಳಿಗೂ ಹೇಳಲಿಲ್ಲ. ಅಳದಿದ್ದರೆ ಹೆತ್ತ ತಾಯಿಯೂ ಹಾಲು ಕೊಡುವುದಿಲ್ಲ ಎಂದು ದೇವಪ್ರಿಯ ಹೇಳಿ ನೋಡಿದ. ನಾನು ಅಳುವುದು ಯಾರ ಮುಂದೆ ಅಂತ ನನಗೆ ಗೊತ್ತುಂಟು ಎಂದು ಅವಳು ದೋಸೆ ಮಗುಚಿದಳು.

ಹೊರಡಲು ಮೂರು ವಾರ ಉಳಿದಾಗ ಐವರ ಹಣ ಹೆಚ್ಚುಕಡಿಮೆ ಆಗಿತ್ತು. ಚಿತ್ರಾಳದ್ದು ಮೂರು ಸಾವಿರದ ಇನ್ನೂರರಲ್ಲಿ ನಿಂತಿತ್ತು. ಜಿತೇಶ್ ಅದನ್ನು ಸಭೆಯ ಮುಂದೆ ಓದಿ, ಕೆಲವರ ವಿಶ್ವಾಸ ಇನ್ನೂ ಬಲಗೊಳ್ಳಬೇಕಾಗಿದೆ ಎಂದ. ಅದನ್ನು ಕೇಳಿ ಭವಿತ್ ತಲೆಯಾಡಿಸಿದ. ಭವಿತ್! ದೇವಪ್ರಿಯನಿಗೆ ತನ್ನ ಹೆಂಡತಿಯ ದೇವರ ಮೇಲೆ ಅಂಥ ಪ್ರೀತಿ ಏನೂ ಇರಲಿಲ್ಲ. ಆದರೆ ಹೆಂಡತಿಯ ಮೇಲೆ ಇತ್ತು. ಆ ಪೋಸು ಕೊಡುವವರ ಎದುರು ಅವಳು ತಲೆ ತಗ್ಗಿಸಿ ಕೂತದ್ದನ್ನು ಅವನು ಹಿಂದಿನ ಬೆಂಚಿನಿಂದ ನೋಡಿದ. ಹನ್ನೆರಡು ದಿನ ತಾನೇ, ಹೋಗಿ ಬರಲಿ, ಆಸೆ ತೀರಲಿ ಎಂದುಕೊಂಡ. ದೇವರು ಒದಗಿಸದಿದ್ದರೆ ತಾನು ಒದಗಿಸುವುದು ಎಂದು ತೀರ್ಮಾನಿಸಿದ. ಅವಳಿಗೆ ಗೊತ್ತಾಗದ ಹಾಗೆ.

ದಾರಿ ಕಣ್ಣೆದುರೇ ಇತ್ತು. ಸುಗ್ಗಿ ಹಬ್ಬದ ದಿನ ಸಭೆಯವರು ತಮ್ಮ ಮನೆಯ ಫಸಲನ್ನು ದೇವರ ಮುಂದೆ ತಂದಿಡುತ್ತಾರೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಅದರ ಏಲಂ, ಅಂದರೆ ಹರಾಜು. ಈ ವರ್ಷ ತಂಡದವರು ಯಾವ ವಸ್ತು ತಂದರೂ ಅದಕ್ಕೆ ಬಂದ ಹಣ ಅವರವರ ಪ್ರಯಾಣಕ್ಕೆ ಎಂದು ಕಮಿಟಿಯವರು ಹೇಳಿದ್ದರು. ಏಲಂ ಕೂಗುವವನು ಇಪ್ಪತ್ತು ವರ್ಷದಿಂದ ದೇವಪ್ರಿಯನೇ. ನೂರು ರೂಪಾಯಿಯ ಬಾಳೆಗೊನೆ ಐದು ಸಾವಿರಕ್ಕೆ ಹೋಗುವುದು ಭಕ್ತಿಯಿಂದಲ್ಲ, ಪಕ್ಕದ ಬೆಂಚಿನವನ ಮೇಲಿನ ಹೊಟ್ಟೆಕಿಚ್ಚಿನಿಂದ ಎಂದು ಅವನಷ್ಟು ಚೆನ್ನಾಗಿ ಬಲ್ಲವರಿರಲಿಲ್ಲ.

ಆ ಸಭೆಯಲ್ಲಿ ಹೊಟ್ಟೆಕಿಚ್ಚಿಗೆ ಹೆಸರಾದವರು ಸೋನ್ಸ್ ಮನೆತನದ ಅಣ್ಣತಮ್ಮಂದಿರು. ದೊಡ್ಡ ಸೋನ್ಸ್‌ಗೆ ಬಂಟ್ವಾಳದಲ್ಲಿ ಹಾರ್ಡ್‌ವೇರ್ ಅಂಗಡಿ, ಚಿಕ್ಕ ಸೋನ್ಸ್‌ಗೆ ಬೆಳ್ತಂಗಡಿಯಲ್ಲಿ ಟೈರಿನ ಅಂಗಡಿ. ತಂದೆಯ ಸಮಾಧಿಕಲ್ಲಿನ ಮೇಲೆ ಯಾರ ಹೆಸರು ಮೊದಲು ಬರಬೇಕು ಎಂದು ಜಗಳವಾಡಿ ಆರು ವರ್ಷದಿಂದ ಮಾತು ಬಿಟ್ಟಿದ್ದರು. ಕಲ್ಲು ಇನ್ನೂ ಬೋಳಾಗಿಯೇ ಇತ್ತು. ಸುಗ್ಗಿ ಹಬ್ಬಕ್ಕೆ ಮಾತ್ರ ಇಬ್ಬರೂ ತಪ್ಪದೆ ಹುಟ್ಟೂರಿನ ಈ ತಾಯಿಸಭೆಗೆ ಬರುತ್ತಿದ್ದರು, ಒಬ್ಬ ಬಂದಿದ್ದಾನೆಂದು ಇನ್ನೊಬ್ಬ.

ಗುರುವಾರ ದೇವಪ್ರಿಯ ಸಿದ್ಧಕಟ್ಟೆಯ ಬಸ್ಸು ಹಿಡಿದು ಬಂಟ್ವಾಳಕ್ಕೆ ಹೋದ. ನಾಲ್ಕು ಮೊಳೆ ಕೊಳ್ಳುವ ನೆಪದಲ್ಲಿ ದೊಡ್ಡ ಸೋನ್ಸ್ ಎದುರು ಕೂತು, ನಿಮ್ಮ ತಮ್ಮ ಈ ಸಲ ಚಿತ್ರಾಳ ಕಾಣಿಕೆಯನ್ನು ಏಲಂನಲ್ಲಿ ತಾನೇ ಹಿಡಿಯುತ್ತಾನಂತೆ, ಅಣ್ಣನಿಗೆ ಮೊಳೆ ತೂಗಿ ತೂಗಿ ಕೈ ಬಿಗಿಯಾಗಿದೆ ಎಂದನಂತೆ ಎಂದು ಹೇಳಿದ. ಶುಕ್ರವಾರ ಬೆಳ್ತಂಗಡಿಗೆ ಹೋಗಿ ಚಿಕ್ಕ ಸೋನ್ಸ್‌ಗೂ ಅದನ್ನೇ ಹೇಳಿದ, ಮೊಳೆಯ ಬದಲು ಟೈರು ಸೇರಿಸಿ. ಇಬ್ಬರೂ ಚಹಾ ತರಿಸಿದರು. ಇಬ್ಬರೂ ನಕ್ಕು, ನೋಡುವ ಎಂದರು. ಅವರ ಕಿವಿ ಕೆಂಪಾದದ್ದನ್ನು ನೋಡಿಕೊಂಡೇ ಅವನು ಎದ್ದದ್ದು.

ಭಾನುವಾರ ಉಳಿದ ಐವರು ಕೋಳಿ, ಕೇಕು, ಬಾಳೆಗೊನೆ ತಂದಿದ್ದರು. ಚಿತ್ರಾ ತಂದದ್ದು ಮನೆಯ ಹಿಂದೆ ಬೆಳೆದ ಒಂದು ಸೌತೆಕಾಯಿ. ಸಾಂಬಾರಿಗೆ ಹಾಕುವ ಮಾಮೂಲು ಮಂಗಳೂರು ಸೌತೆ, ಅದರ ಒಂದು ಬದಿಯನ್ನು ಹುಳ ಸ್ವಲ್ಪ ಕೊರೆದಿತ್ತು. ಜನ ಮುಸಿಮುಸಿ ನಕ್ಕರು. ದೇವಪ್ರಿಯ ಅದನ್ನು ಎತ್ತಿ ಹಿಡಿದು ಐವತ್ತು ರೂಪಾಯಿಗೆ ಕೂಗಿದ. ದೊಡ್ಡ ಸೋನ್ಸ್ ಸಾವಿರ ಅಂದ. ಚಿಕ್ಕ ಸೋನ್ಸ್ ಎರಡು ಅಂದ. ಹತ್ತು ಸಾವಿರದವರೆಗೆ ಜನ ನಗುತ್ತಿದ್ದರು, ಇಪ್ಪತ್ತಕ್ಕೆ ನಗು ನಿಂತಿತು, ಮೂವತ್ತಕ್ಕೆ ಊಟಕ್ಕೆ ಕೋಳಿಸಾರು ಹೊಯ್ದು ಕೋರಿರೊಟ್ಟಿ ಬಡಿಸುತ್ತಿದ್ದವರೂ ಸೌಟು ಹಿಡಿದು ಬಂದು ನಿಂತರು. ಸಭಾಪಾಲಕರು ದೇವರಿಗೆ ಸ್ತೋತ್ರ ಎಂದರು. ಸ್ತೋತ್ರ ಯಾರಿಗೆ ಸಲ್ಲಬೇಕೆಂದು ಬಲ್ಲ ದೇವಪ್ರಿಯ ಒಳಗೊಳಗೇ ಉಬ್ಬಿದ.

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಕೈಚಳಕ ಇರುವವನಿಗೆ ಅದನ್ನು ತೋರಿಸದೆ ಇರಲಾಗುವುದಿಲ್ಲ. ಬಾಕಿ ಇದ್ದದ್ದು ಮೂವತ್ತಾರು ಸಾವಿರದ ಎಂಟುನೂರು. ಅದಕ್ಕೇ ತಂದು ನಿಲ್ಲಿಸಬೇಕೆಂದು ಅವನಿಗೆ ಹಟ ಹುಟ್ಟಿತು. ಚಿಕ್ಕವ ಮೂವತ್ತಾರೂವರೆ ಎಂದಾಗ, ಮುನ್ನೂರು ಸೇರಿಸುವವರು ಯಾರು ಎಂದು ದೊಡ್ಡವನ ಮುಖ ನೋಡಿ ಕೂಗಿದ. ದೊಡ್ಡವ ಗೋಣಾಡಿಸಿದ. ಚಿಕ್ಕವ ಬಾಯಿ ತೆರೆಯುವಷ್ಟರಲ್ಲಿ ಒಂದು ಸಲ, ಎರಡು ಸಲ, ಮೂರು ಸಲ ಎಂದು ಒಂದೇ ಉಸಿರಿಗೆ ಮುಗಿಸಿ ಸೌತೆಕಾಯಿಯನ್ನು ದೊಡ್ಡವನ ಕೈಗಿಟ್ಟ. ಇಷ್ಟು ನಿಖರ ಏಲಂ ಜಿಲ್ಲೆಯಲ್ಲೇ ಯಾರೂ ಕೂಗಿರಲಿಕ್ಕಿಲ್ಲ ಎಂದುಕೊಂಡ.

ಜಿತೇಶ್ ಕಣ್ಣೀರು ಸುರಿಸುತ್ತ ಚಿತ್ರಾಳ ಕೈಗೆ ಮೈಕ್ ಕೊಟ್ಟ. ಅವಳ ಮುಖ ಬಿಳಿಚಿಕೊಂಡಿತ್ತು.

"ನಾನು ಯಾರ ಹತ್ತಿರವೂ ಹೇಳಿರಲಿಲ್ಲ" ಎಂದಳು. "ಆ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸ್ಲಿಕ್ಕೆ ನರ್ಸ್ ಇಲ್ಲ. ಎರಡು ವರ್ಷ ಬಂದು ಇರ್ತೀರಾ ಅಂತ ಅಲ್ಲಿಯ ಡಾಕ್ಟರಮ್ಮ ನನಗೆ ಬರೆದಿದ್ರು. ಇವರಿಗೂ ಹೇಳ್ಲಿಲ್ಲ, ಹೇಳಿದ್ರೆ ತಮಾಷೆ ಮಾಡ್ತಾರೆ ಅಂತ." ಜನ ದೇವಪ್ರಿಯನ ಕಡೆ ನೋಡಿ ನಕ್ಕರು. "ದೇವರ ಹತ್ತಿರ ಒಂದು ಗುರುತು ಕೇಳಿದೆ. ಬಾಕಿ ಹಣ ಒಂದೇ ಕೈಯಿಂದ ಬರಬೇಕು, ಒಂದು ರೂಪಾಯಿ ಹೆಚ್ಚಾಗಬಾರದು, ಒಂದು ರೂಪಾಯಿ ಕಮ್ಮಿಯಾಗಬಾರದು. ಮನುಷ್ಯರಿಂದ ಆಗುವುದು ಬೇಡ ಅಂತಲೇ ಹುಳ ಹಿಡಿದ ಸೌತೆಕಾಯಿ ತಂದೆ. ಹಾಗೆ ಬಂದರೆ ಹನ್ನೆರಡು ದಿನಕ್ಕಲ್ಲ, ಎರಡು ವರ್ಷಕ್ಕೆ ಹೋಗ್ತೇನೆ ಅಂತ ಮಾತು ಕೊಟ್ಟಿದ್ದೆ. ಬಂತು."

ಇಡೀ ಅಂಗಳ ಹಲ್ಲೆಲೂಯ ಎಂದಿತು. ಮಾಡಿದ್ದುಣ್ಣೋ ಮಾರಾಯ ಎಂಬ ಮಾತನ್ನು ಸಾವಿರ ಜನರಿಗೆ ಹೇಳಿದ್ದವನು ಆ ಮಧ್ಯಾಹ್ನ ಕೋರಿರೊಟ್ಟಿಯ ಒಂದು ತುಂಡನ್ನೂ ನುಂಗಲಾರದೆ ಹೋದ.

ಎರಡು ದಿನ ಅವನು ಜಿತೇಶನನ್ನು ಬೈದ. ಸೋನ್ಸ್‌ಗಳನ್ನು ಬೈದ. ಗುರುತು ಗಿರುತು ಎಂದು ದೇವರನ್ನು ಪೀಡಿಸುವ ಹೆಂಗಸರನ್ನು ಬೈದ. ಎಲ್ಲ ಮುಗಿದ ಮೇಲೆ ಬೈಯಲು ಒಬ್ಬನೇ ಉಳಿದ, ಅವನನ್ನು ಬೈದು ಅಭ್ಯಾಸವಿರಲಿಲ್ಲ. ಬುಧವಾರ ಬೆಳಿಗ್ಗೆ ಚಿತ್ರಾ ಮಂಚದ ಮೇಲೆ ಸೂಟ್‌ಕೇಸ್ ತೆರೆದಿಟ್ಟು ಸೀರೆ ಮಡಚುತ್ತಿದ್ದಾಗ ಹೋಗಿ ಎಲ್ಲವನ್ನೂ ಹೇಳಿದ. ಬಂಟ್ವಾಳದಲ್ಲಿ ಹೇಳಿದ ಸುಳ್ಳು, ಬೆಳ್ತಂಗಡಿಯಲ್ಲಿ ಹೇಳಿದ ಸುಳ್ಳು, ಲೆಕ್ಕಕ್ಕೆ ಸರಿಯಾಗಿ ಮೂರು ಸಲ ಕೂಗಿದ್ದು. ಅವಳು ಅಳಬಹುದು, ಸೀರೆ ಎಸೆಯಬಹುದು, ಗುರುತು ಸುಳ್ಳಾಯಿತೆಂದು ಕುಸಿದು ಕೂರಬಹುದು ಎಂದು ಕಾದ. ಯಾವುದಾದರೂ ಆಗುತ್ತಿತ್ತು ಅವನಿಗೆ.

ಅವಳು ಸೀರೆಯ ಅಂಚು ಸರಿಮಾಡಿದಳು. "ದೊಡ್ಡ ಸೋನ್ಸ್‌ನ ಹಣ ಇವತ್ತೇ ಹಿಂದೆ ಕೊಟ್ಟು ಬನ್ನಿ. ಸುಳ್ಳು ಹೇಳಿದ್ದೇನೆ ಅಂತ ಇಬ್ಬರಿಗೂ ನೀವೇ ಹೇಳ್ಬೇಕು. ಖರ್ಚಿಗೆ ನನ್ನ ಪೆನ್ಶನ್ ಉಂಟು."

"ಜಿತೇಶನ ನಿಯಮ?"

"ಜಿತೇಶನದ್ದು ಮಕ್ಕಳಾಟಿಕೆ. ನನಗೆ ಹಣ ಬೇಕಿರಲಿಲ್ಲ, ಗುರುತು ಬೇಕಿತ್ತು. ಅದು ಸಿಕ್ಕಿ ಆಯ್ತು."

"ಎಂತದು ಸಿಕ್ಕಿದ್ದು? ಅದು ನಾನು ಮಾಡಿದ್ದು ಅಂತ ಹೇಳ್ತಾ ಇದ್ದೇನಲ್ಲ, ಮಾರಾಯ್ತಿ."

"ಬೈಬಲಿನಲ್ಲಿ ದೇವರು ಒಂದು ಸಲ ಕತ್ತೆಯ ಬಾಯಿಂದಲೇ ಮಾತಾಡಿದ್ದುಂಟು" ಎಂದಳು ಚಿತ್ರಾ. ಸ್ವರದಲ್ಲಿ ವ್ಯಂಗ್ಯ ಕೂಡ ಇರಲಿಲ್ಲ. "ಅದಕ್ಕೂ ಗೊತ್ತಿರಲಿಲ್ಲ, ತಾನು ಯಾರ ಕೆಲಸ ಮಾಡ್ತಾ ಇದ್ದೇನೆ ಅಂತ. ಈ ಮನುಷ್ಯನಿಂದ ನಿನ್ನದೊಂದು ಕೆಲಸ ಮಾಡಿಸು ಅಂತ ಮದುವೆಯಾದ ವರ್ಷದಿಂದ ಬೇಡಿಕೊಳ್ತಾ ಇದ್ದೇನೆ. ಈಗ ಮಾಡಿಸಿದ."

ದೇವಪ್ರಿಯ ಗೋಡೆಗೆ ಒರಗಿ ನಿಂತ.

ಅವಳು ಕೈಯಲ್ಲಿದ್ದ ಸೀರೆಯನ್ನು ಕೆಳಗಿಟ್ಟು ಅವನತ್ತ ತಿರುಗಿದಳು. "ನಿಮಗೆ ಎಂತ ಬೇಕು, ಹೇಳಿ. ನೀವಾಗಿ ಕೇಳಿದರೆ ನಾನು ದೇವರ ಹತ್ತಿರ ಇನ್ನೊಮ್ಮೆ ಮಾತಾಡ್ತೇನೆ."

ಕೇಳಬೇಕಾದದ್ದು ಒಂದೇ ಶಬ್ದ. ಹೋಗಬೇಡ ಎಂದರೆ ಮುಗಿಯಿತು. ನೀನಿಲ್ಲದೆ ನನಗಾಗುವುದಿಲ್ಲ ಎಂದು ಅರುವತ್ತನಾಲ್ಕರ ವಯಸ್ಸಿನಲ್ಲಿ ಹೆಂಡತಿಯ ಮುಖ ನೋಡಿ ಹೇಳುವುದು ಅವನಿಂದಾಗಲಿಲ್ಲ. ಅವನು ಕಿಟಕಿಗೆ ತಲೆಯಾನಿಸಿ ಹೊರಗೆ ನೋಡಿದ.

"ಅಲ್ಲಿ ಚಳಿ ಜಾಸ್ತಿಯಂತೆ" ಎಂದ. "ನಿನ್ನ ಮಂಡಿನೋವಿಗೆ ಆಗ್ಲಿಕ್ಕಿಲ್ಲ. ವಿಜೇತಾ ಬೇಜಾರು ಮಾಡ್ತಾಳೆ. ಇಲ್ಲಿ ತೋಟದ ಸೌತೆಬಳ್ಳಿಗೆ ನೀರು ಹಾಕುವವರು ಕೂಡ ಯಾರೂ ಇಲ್ಲ."

"ಅಷ್ಟೆಯಾ?" ಎಂದಳು ಚಿತ್ರಾ. ಅವನು ಮಂಡಿನೋವಿನ ಎಣ್ಣೆಯ ಬಗ್ಗೆ ಏನೋ ಹೇಳತೊಡಗಿದ.

"ಆಯ್ತು, ಪ್ರಾರ್ಥನೆ ಮಾಡ್ತೇನೆ" ಎಂದು ಅವಳು ಸೂಟ್‌ಕೇಸಿನ ಜಿಪ್ ಎಳೆದಳು.