ಕೊರತೆ ಕಾಣ್ತಾ?

ಚಹಾದ ಫ್ಲಾಸ್ಕ್ ಹಿಡಿದು ಮೆಟ್ಟಿಲು ಹತ್ತುತ್ತಿದ್ದವನು ಅರ್ಧದಲ್ಲೇ ನಿಂತ. ಮೇಲೆ ಹಾಡು ಶುರುವಾಗಿಬಿಟ್ಟಿತ್ತು. ಡ್ರಮ್ ಬಾರಿಸಬೇಕಾದ ತಾನು ಇಲ್ಲಿ, ಹಾಡು ಅಲ್ಲಿ!

ಟೈರ್ ಅಂಗಡಿಯ ಮೇಲಿನ ಆ ಕೋಣೆ ಅವನದೇ. ಹಗಲೆಲ್ಲ ಕೆಳಗೆ ಪಂಕ್ಚರ್ ಹಾಕುವವನು ಸಂಜೆ ಮೇಲೆ ಡ್ರಮ್ ಬಾರಿಸುತ್ತಿದ್ದ. ತಂಗಿ ಹಾಡುತ್ತಿದ್ದಳು. ಅವರ ಗೆಳೆಯ, ಗಾಳಿ ಬಂದರೆ ಹಾರಿಹೋಗುವಂತಿದ್ದದ್ದಕ್ಕೆ ಎಲ್ಲರೂ ಕಡ್ಡಿ ಎಂದು ಕರೆಯುತ್ತಿದ್ದವನು, ಬೇಸ್ ಗಿಟಾರ್ ನುಡಿಸುತ್ತಿದ್ದ.

ಬ್ಯಾಂಡಿಗೆ ಇದ್ದದ್ದು ಒಂದೇ ಕಾನೂನು, ಅದನ್ನು ಮಾಡಿದವನೂ ಅವನೇ. ಪ್ರತಿ ಹಾಡನ್ನೂ ಏನಾದರೊಂದನ್ನು ಬಿಟ್ಟು ನುಡಿಸಿ ನೋಡುವುದು. ಆಮೇಲೆ ಅವನು ಕೇಳುವನು: “ಕೊರತೆ ಕಾಣ್ತಾ?” ಯಾರೂ ಹೂಂ ಅನ್ನದಿದ್ದರೆ ಅದು ಹೋದಂತೆಯೇ. ಹಾಗೆ ಮೊದಲು ಕೀಬೋರ್ಡ್ ಹೋಯಿತು, ಅದರ ಹಿಂದೆಯೇ ಅದನ್ನು ನುಡಿಸುತ್ತಿದ್ದ ಸೋದರಮಾವನ ಮಗ. ಮುಖ ಊದಿಸಿಕೊಂಡು ಹೊರಟವನನ್ನು “ಹಾಡು ದೊಡ್ಡದೋ, ನೀನು ದೊಡ್ಡವನೋ?” ಎಂದು ಇವನೇ ದಬಾಯಿಸಿದ್ದ. ಕೊನೆಗೆ ಉಳಿದದ್ದು ಒಂದು ಡ್ರಮ್, ನಾಲ್ಕು ತಂತಿ, ಒಂದು ದನಿ. ಮೊದಲೆಲ್ಲ ಹನ್ನೊಂದು ಜನ ಕೇಳಲು ಬರುತ್ತಿದ್ದರು, ಅದರಲ್ಲಿ ನಾಲ್ವರು ನೆಂಟರು. ಈಗ ಹಾಡು ರೇಡಿಯೋದಲ್ಲಿ ಬರುತ್ತದೆ. ಪತ್ರಿಕೆಯವರು ಪೋಸ್ಟ್-ಪಂಕ್ ಎಂದು ಯಾವುದೋ ವಿದೇಶಿ ಶೈಲಿಯ ಹೆಸರಿಟ್ಟು ಹೊಗಳುತ್ತಾರೆ. ಬರುವ ಶನಿವಾರ ಊರಿನ ದೊಡ್ಡ ಸಭಾಂಗಣ.

ಮೇಲೆ ತಂಗಿ ಉಸಿರೆಳೆದುಕೊಂಡದ್ದು ಕೇಳಿಸಿತು. ಇಷ್ಟು ದಿನ ಅದು ಅವನ ಡ್ರಮ್ಮಿನಡಿ ಮುಚ್ಚಿಹೋಗುತ್ತಿತ್ತು. ಹಾಡು ಚೆನ್ನಾಗಿತ್ತು. ಎಂದಿಗಿಂತ ಚೆನ್ನಾಗಿತ್ತು. ಅವನು ಉಳಿದ ಮೆಟ್ಟಿಲುಗಳನ್ನು ಸದ್ದಾಗದಂತೆ ಹತ್ತಿದ.

ಬಾಗಿಲು ತಳ್ಳಿದಾಗ ಕಡ್ಡಿ ಗೋಡೆಯ ಕಡೆ ನೋಡಿದ.

“ಅಣ್ಣಾ, ನೀನು ಬರೋದು ತಡ ಆಯ್ತಲ್ಲ, ಸುಮ್ನೆ ಹಾಗೇ...” ತಂಗಿ ತಡವರಿಸಿದಳು.

“ಇನ್ನೊಂದ್ಸಲ ಹಾಡು.”

“ಬೇಡ. ನೀನು ಕೂತ್ಕೋ, ಮೂರು ಜನಾನೂ ಸೇರಿ ಮಾಡೋಣ.”

“ಹಾಡೇ, ಹೇಳ್ತಿದೀನಲ್ಲ.”

ಹಾಡಿದಳು. ಮುಗಿದ ಮೇಲೆ ಅವನು, ಎಷ್ಟು ಉಜ್ಜಿದರೂ ಟೈರಿನ ಕಪ್ಪು ಹೋಗದ ಬೆರಳುಗಳನ್ನು ಮಡಚಿಕೊಂಡು ಕೇಳಿದ: “ಕೊರತೆ ಕಾಣ್ತಾ?”

ಹೂಂ ಅನ್ನಲಿ, ಸುಳ್ಳಾದರೂ ಸರಿ ಒಬ್ಬರಾದರೂ ಅನ್ನಲಿ ಎಂದು ಜೀವ ಬಾಯಿಗೆ ಬಂದಿತ್ತು. ಕಡ್ಡಿ ಬಿಗಿಯಾಗಿದ್ದ ತಂತಿಯನ್ನೇ ಮತ್ತೆ ಬಿಗಿ ಮಾಡಿದ. ತಂಗಿಯ ಕಣ್ಣು ತುಂಬಿತು, ಬಾಯಿ ಮಾತ್ರ ತೆರೆಯಲಿಲ್ಲ. ಅವನು ಮೂರು ಲೋಟಕ್ಕೂ ಚಹಾ ಬಗ್ಗಿಸಿದ.

ಶನಿವಾರ ಸಭಾಂಗಣ ಕಿಕ್ಕಿರಿದಿತ್ತು. ಅವನಿಗೆ ಬಾಗಿಲ ಹತ್ತಿರ ಒಂದು ಕುರ್ಚಿ ಸಿಕ್ಕಿತು. ವೇದಿಕೆಯ ಮೇಲೆ ಇಬ್ಬರೇ. ತಂಗಿ ಉಸಿರೆಳೆದುಕೊಂಡಳು, ಅಷ್ಟು ಜನರೂ ಉಸಿರು ಬಿಗಿಹಿಡಿದು ಕೂತರು.

ಎರಡು ಸಾಲು ಮುಗಿದಿರಬೇಕು, ಪಕ್ಕದ ಹೆಂಗಸು ಅವನ ಮೊಣಕೈ ಮುಟ್ಟಿದಳು.

“ಸ್ವಲ್ಪ ಸುಮ್ನಿರ್ತೀರಾ? ಹಾಡು ಕೇಳಿಸ್ತಿಲ್ಲ.”

ಅವನು ತಲೆ ತಗ್ಗಿಸಿ ನೋಡಿದ. ಬಲಗೈ ತೊಡೆಯ ಮೇಲೆ ತನ್ನ ಪಾಡಿಗೆ ಬಡಿಯುತ್ತಿತ್ತು. ಎರಡೂ ಕೈಗಳನ್ನು ತೊಡೆಯಡಿ ಸೇರಿಸಿ, ಅವುಗಳ ಮೇಲೆ ಭಾರ ಬಿಟ್ಟು ಕೂತ.