ಉಜ್ಜಿ ತೊಳೆದ ಕೊಪ್ಪರಿಗೆ

ತಮ್ಮ ತೀರಿಕೊಂಡ ಎರಡು ತಿಂಗಳಿಗೆ ಅಣ್ಣ ಸೋಪಿನ ಕೊಪ್ಪರಿಗೆಯನ್ನು ಮತ್ತೆ ಒಲೆಗೇರಿಸಿದರು. ಮೂವತ್ತು ವರ್ಷ ಇಬ್ಬರೂ ಅದರ ಆಚೆ ಈಚೆ ನಿಂತು ಬಟ್ಟೆ ಸೋಪು ಕಾಯಿಸಿದವರು. ಎಣ್ಣೆ ಅಳೆದು ಸುರಿಯುವುದು ಅಣ್ಣನ ಕೆಲಸ, ಹದ ಬರಿಸುವುದು ತಮ್ಮನದು.

ಬೆಳಗಿನಿಂದ ಕೋಲಾಡಿಸಿದರೂ ಎಣ್ಣೆ, ಕಾಸ್ಟಿಕ್ ಸೋಡಾ ನೀರು ಎರಡೂ ಜಗಳವಾಡಿದ ಓರಗಿತ್ತಿಯರಂತೆ ಮುಖ ತಿರುಗಿಸಿಕೊಂಡೇ ಇದ್ದವು. ಉರಿ ಹೆಚ್ಚಿಸಿದರೆ ನೊರೆ ಉಕ್ಕಿ ಅಂಚು ದಾಟಿತು. ಸೋಡಾ ಹೆಚ್ಚಿಸೋಣವೆಂದರೆ ಒಗೆಯುವವರ ಕೈ ಸುಟ್ಟೀತು. ಇದ್ದ ಎಣ್ಣೆಯೆಲ್ಲ ಅದರಲ್ಲೇ ಇತ್ತು. ಅದು ಕೆಟ್ಟರೆ ಕೆಲಸದ ಮನೆಗೆ ಬೀಗವೇ ಗತಿ.

ತಪ್ಪು ಹೊಳೆದಾಗ ಅವರ ಕೈ ನಿಂತಿತು. ದುಃಖಕ್ಕೆ ಕೈ ಸುಮ್ಮನಿರದೆ ಕೊಪ್ಪರಿಗೆಯನ್ನು ಉಜ್ಜಿ ಉಜ್ಜಿ ಫಳಫಳ ಮಾಡಿಟ್ಟಿದ್ದರು. ತಮ್ಮ ಎಂದೂ ಅದನ್ನು ಪೂರ್ತಿ ತೊಳೆಯಗೊಟ್ಟವನಲ್ಲ. ಹಿಂದಿನ ಸೋಪು ಒಂದಿಷ್ಟು ತಳದಲ್ಲಿ ಉಳಿಯಲೇಬೇಕು. ಊರ ಬಟ್ಟೆಯನ್ನೆಲ್ಲ ಬೆಳ್ಳಗೆ ಮಾಡುವ ಕೊಪ್ಪರಿಗೆಗೆ ತನಗೇ ಸ್ನಾನವಿಲ್ಲವಲ್ಲ ಎಂದು ಹಂಗಿಸಿದರೆ ಅವನು ನಗುತ್ತಿದ್ದ.

"ಹಳಬರೊಬ್ಬರು ಮಧ್ಯೆ ಕೂತ್ರೆ ಹೊಸಬರು ಬೇಗ ಒಂದಾಗ್ತಾರೆ, ಅಣ್ಣ."

ಮೈಗಳ್ಳತನಕ್ಕೂ ಒಂದು ನೆಪ ಎಂದುಕೊಂಡಿದ್ದರು ಅಣ್ಣ.

ಅಂಗಡಿಯಲ್ಲಿ ಹಳೆಯ ಸೋಪಿನ ಚೂರೂ ಉಳಿದಿರಲಿಲ್ಲ. ಮನೆಯಲ್ಲಿ ಉಳಿದದ್ದು ಒಂದೇ ಬಿಲ್ಲೆ, ತಮ್ಮ ಕಡೆಯದಾಗಿ ಕೈಯಾರೆ ಕತ್ತರಿಸಿದ್ದು. ಅವನ ಹೆಂಡತಿ ಅದನ್ನು ಟ್ರಂಕಿನಲ್ಲಿ ಅವನ ಅಂಗಿಗಳ ನಡುವೆ ಇಟ್ಟುಕೊಂಡಿದ್ದಳು. ಅಣ್ಣ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೌದೆ ಹಸಿ ಎಂದರು, ಎಣ್ಣೆ ಸರಿಯಿಲ್ಲ ಎಂದರು. ಅವಳಿಗೆ ಅರ್ಥವಾಯಿತು.

"ಆ ಸೋಪು ಬೇಕಾ, ಭಾವ?"

"ಕೇಳೋಕೆ ನಂಗೆ ಬಾಯಿಲ್ಲಮ್ಮ."

ಅವಳು ಒಳಹೋಗಿ ಟ್ರಂಕು ತೆರೆದಳು. ಆಮೇಲೆ ಬಿಲ್ಲೆ ತಂದು, ಇಡಿಯಾಗಿ ಹಾಕಿದರೆ ಕರಗಲು ಹೊತ್ತಾಗುತ್ತದೆ ಎಂದು ತುರಿಯತೊಡಗಿದಳು. ಅರ್ಧಕ್ಕೆ ಬಂದಾಗ ಬೆರಳು ಮೂಸಿಕೊಂಡಳು. ಅಣ್ಣನಿಗೆ ತಡೆಯಲಾಗಲಿಲ್ಲ, ಸಾಕು, ಅರ್ಧ ಇಟ್ಟುಕೋ ಎಂದರು.

"ಅರ್ಧಕ್ಕೆ ಹದ ಬರದಿದ್ರೆ ಹಾಕಿದ್ದೂ ಹೋಗುತ್ತೆ, ಎಣ್ಣೆನೂ ಹೋಗುತ್ತೆ, ಭಾವ," ಎಂದು ಉಗುರಿಗೆ ತಾಗುವವರೆಗೂ ತುರಿದಳು.

ಅಣ್ಣ ದೇವರ ಹೆಸರು ಹೇಳಿ ತುರಿಯನ್ನು ಸುರಿದು ಕೋಲಾಡಿಸಿದರು. ಮೊದಲು ಏನೂ ಆಗಲಿಲ್ಲ. ಮೆಲ್ಲಗೆ ನೀರು ಮಬ್ಬಾಯಿತು, ಹಾಲಿನಂತಾಯಿತು, ಎಣ್ಣೆಯ ಹೊಳಪು ಒಳಗಿಳಿಯಿತು. ಹದ ಬಂದಂತೆ ಸುತ್ತು ಸುತ್ತಿಗೂ ಕೋಲು ಭಾರವಾಗುತ್ತಾ ಬಂತು. ಅವಳು ಎದುರಿಗೆ ಬಂದು ತಾನೂ ಕೋಲು ಹಿಡಿದಳು. ಕಣ್ಣು ಒರೆಸಿಕೊಳ್ಳೋಣವೆಂದರೆ ಇಬ್ಬರ ಕೈಗೂ ಸೋಡಾ ಮೆತ್ತಿತ್ತು; ಹಾಗೆಯೇ ತಿರುವುತ್ತಿದ್ದರು.